ತಣ್ಣಗಾದ ಗೋಡೆ

ಭಾನುವಾರ ಸಂಜೆ 5 ಗಂಟೆ 40 ನಿಮಿಷಕ್ಕೆ ಆಸ್ಪತ್ರೆಯ ಮುಖ್ಯ ವೈದ್ಯರು ಠಾಣೆಗೆ ಬಂದರು. ಕೈಯಲ್ಲಿ ಬರೆದ ದೂರು, ಕಂಕುಳಲ್ಲಿ ಒಂದು ರಿಜಿಸ್ಟರ್. ರಕ್ತನಿಧಿಯ ಫ್ರಿಜ್ ನಿಂತು ಅರವತ್ತೆರಡು ಚೀಲ ರಕ್ತ ಹಾಳಾಗಿದೆ, ಪಾಳಿಯಲ್ಲಿದ್ದ ಟೆಕ್ನಿಷಿಯನ್ ನೋಡಿಕೊಂಡಿಲ್ಲ, ಆಕೆಯ ಮೇಲೆ ಕ್ರಮ ಆಗಬೇಕು ಎಂಬುದು ದೂರು. ಆಪರೇಷನ್ನಿಗೆ ಒಂದು ಚೀಲ ಬೇಕೆಂದು ಐದು ಗಂಟೆಗೆ ಹೋದ ಡಾಕ್ಟರಿಗೆ ಅದು ಕೈಗೆ ಬೆಚ್ಚಗೆ ಹತ್ತಿತಂತೆ. ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಿದ್ದರು. ಅಲ್ಲಿ ಆತ ಉಳಿದುಕೊಂಡನೆಂಬುದು ಆಮೇಲೆ ತಿಳಿಯಿತು.

ಇನ್ಸ್‌ಪೆಕ್ಟರ್ ರಿಜಿಸ್ಟರ್ ಬಿಡಿಸಿದರು. ನಾಲ್ಕು ಗಂಟೆಗೊಮ್ಮೆ ಫ್ರಿಜ್‌ನ ಮುಳ್ಳು ನೋಡಿ ಬರೆಯುವ ಪುಸ್ತಕ ಅದು. ಬೆಳಿಗ್ಗೆ 10ಕ್ಕೆ ನಾಲ್ಕು ಡಿಗ್ರಿ. ಮಧ್ಯಾಹ್ನ 2ಕ್ಕೆ ನಾಲ್ಕು ಡಿಗ್ರಿ. ಸಂಜೆ 6ಕ್ಕೂ ನಾಲ್ಕು ಡಿಗ್ರಿ, ಪಕ್ಕದಲ್ಲಿ ಸಹಿ. ಅವರು ತಲೆಯೆತ್ತಿ ಗಡಿಯಾರ ನೋಡಿದರು. ಆರಾಗಲು ಇನ್ನೂ ಹದಿನೆಂಟು ನಿಮಿಷ ಇತ್ತು.

ಹೆಗಲ ಮೇಲಿನಿಂದ ಬಗ್ಗಿ ನೋಡಿದ ದಫೇದಾರರು ಅಂದರು, "ಡಾಕ್ಟ್ರೇ, ಇವ್ರು ಭವಿಷ್ಯಾನೂ ಹೇಳ್ತಾರಾ?"

ಡಾಕ್ಟರು ನಗಲಿಲ್ಲ. 6 ಗಂಟೆ 10 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು.

ಟೆಕ್ನಿಷಿಯನ್ನಿಗೆ ಐವತ್ತಾರು ವರ್ಷ. ಇಡೀ ಆಸ್ಪತ್ರೆ ಆಕೆಯನ್ನು ಬ್ಲಡ್ಡಕ್ಕ ಎಂದೇ ಕರೆಯುತ್ತಿತ್ತು. ಗಂಡ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸ್‌ನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಇನ್ಸ್‌ಪೆಕ್ಟರ್ ಹೋದಾಗ ಆಕೆ ರಕ್ತನಿಧಿಯ ಸ್ಟೂಲಿನ ಮೇಲೆ, ಗೌನನ್ನೂ ಬಿಚ್ಚದೆ ಕುಳಿತಿದ್ದಳು.

"ಆರು ಗಂಟೆದು ಯಾವಾಗ ಬರೆದ್ರಿ?"

"ಬೆಳಿಗ್ಗೆ ಬಂದ ತಕ್ಷಣ ಸಾರ್. ಮೂರೂ ಒಟ್ಟಿಗೆ."

"ನೋಡದೆ?"

"ಇಪ್ಪತ್ತೊಂದು ವರ್ಷದಿಂದ ನೋಡ್ತಾ ಇದ್ದೀನಿ. ಆ ಮುಳ್ಳು ನಾಲ್ಕು ಬಿಟ್ಟು ಅಲ್ಲಾಡಿದ್ದೇ ಇಲ್ಲ."

"ಇವತ್ತು ಅಲ್ಲಾಡ್ತಲ್ಲ."

ಆಕೆ ತಲೆ ತಗ್ಗಿಸಿದಳು. ತಲೆಯೆತ್ತದೆಯೇ ಕೇಳಿದಳು, "ನನ್ನ ಕೆಲಸ ಹೋಗತ್ತಾ ಸಾರ್?"

"ನಿಮ್ಮಿಂದ ಹಾಳಾಗಿದೆ ಅಂತಾದ್ರೆ ಹೋಗತ್ತೆ. ಜೈಲೂ ಆಗಬಹುದು."

"ಕೆಲಸ ಹೋದ್ರೆ ಹದಿನೈದು ದಿನಕ್ಕೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಇನ್ನೆರಡು ವರ್ಷ ದಾಟಿದ್ರೆ ನಂದೇ ಅಂತ ಒಂದು ಮನೆ ಆಗ್ತಿತ್ತು."

ಆ ಮನೆ ಹೇಗೆ ಆಗುತ್ತಿತ್ತು ಎಂದು ಇನ್ಸ್‌ಪೆಕ್ಟರ್ ಆಗ ಕೇಳಲಿಲ್ಲ. ಫ್ರಿಜ್ ನೋಡಿದರು. ಯಂತ್ರದಲ್ಲಿ ದೋಷವಿರಲಿಲ್ಲ. ಹೊರಗಿನ ಕಾರಿಡಾರಿನ ಮೂಲೆಯ ಪೆಟ್ಟಿಗೆಯಲ್ಲಿ ಸ್ವಿಚ್ ತಾನಾಗಿ ಬಿದ್ದು ಕರೆಂಟು ನಿಂತಿತ್ತು. ಐದೂವರೆಗೆ ಎಲೆಕ್ಟ್ರಿಷಿಯನ್ ಓಡಿಬಂದು ಅದನ್ನು ಎತ್ತಿದ್ದ. ಫ್ರಿಜ್‌ನ ಒಳಗೆ ಬಿಸಿಯೇರಿದರೆ, ಇಲ್ಲವೇ ಕರೆಂಟು ಕುಗ್ಗಿದರೆ ಕೂಗುವ ಅಲಾರಂ ಒಂದಿತ್ತು, ಅದಕ್ಕೆ ಬೇರೆ ಬ್ಯಾಟರಿ. ಅದು ಯಾಕೆ ಕೂಗಲಿಲ್ಲ ಎಂದು ದಫೇದಾರರು ಸ್ಟೂಲ್ ಹತ್ತಿ ನೋಡಿದರು. ವೈರನ್ನು ಸ್ಕ್ರೂನಿಂದ ಬಿಡಿಸಿ, ತುದಿಗೆ ಮೂರು ಸುತ್ತು ಟೇಪು ಸುತ್ತಿಟ್ಟಿದ್ದರು.

"ಇದು ಕಿತ್ತು ಹೋಗಿದ್ದಲ್ಲ ಸಾರ್. ಕಸುಬು ಗೊತ್ತಿರೋ ಕೈ ಬಿಚ್ಚಿದ್ದು."

ಬ್ಲಡ್ಡಕ್ಕ ಮುಚ್ಚಿಡದೆ ಹೇಳಿದಳು. ನಾಲ್ಕು ತಿಂಗಳ ಕೆಳಗೆ ಅದು ಒಂದೇ ವಾರದಲ್ಲಿ ಮೂರು ಸಲ ಕೂಗಿತ್ತು. ಆಮೇಲೆ ತಮ್ಮ ಸರಿಮಾಡಿಕೊಟ್ಟ, ಮತ್ತೆ ಕೂಗಲಿಲ್ಲ. ತಮ್ಮ ಎಂದರೆ ಒಡಹುಟ್ಟಿದವನಲ್ಲ, ಎಲೆಕ್ಟ್ರಿಷಿಯನ್. ಉಳಿದವರಿಗೆಲ್ಲ ಅವನು ಫ್ಯೂಸಣ್ಣ. ಕೆಲಸಕ್ಕೆ ಸೇರಿದ ದಿನದಿಂದ ಹನ್ನೆರಡು ವರ್ಷ ಆಕೆಯ ಡಬ್ಬಿಯಲ್ಲೇ ಮಧ್ಯಾಹ್ನದ ಊಟ ಹಂಚಿಕೊಂಡು ತಿಂದವನು.

ಸೋಮವಾರ ಬೆಳಿಗ್ಗೆ 10ಕ್ಕೆ ಅವನನ್ನು ಕೇಳಿದರು.

"ಅಲಾರಂ ಬಿಚ್ಚಿದ್ದು ಯಾರು?"

"ನಾನೇ ಸಾರ್. ಸುಮ್ಮಸುಮ್ಮನೆ ಬಡ್ಕೊಳ್ತಿತ್ತು. ರೋಗಿಗಳಿಗೆ ನಿದ್ದೆ ಇಲ್ಲ ಅಂತ ನನ್ನ ಮೇಲೆ ಬೈಗುಳ. ಹೊಸದು ತರಿಸಿ ಅಂತ ಬಾಯಲ್ಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಸ್ವಿಚ್ ಯಾಕೆ ಬಿತ್ತು?"

"ಹಳೇ ವೈರಿಂಗು. ಒಂದೊಂದು ಸಲ ಬೀಳತ್ತೆ."

"ಭಾನುವಾರ ನಿಮಗೆ ರಜೆ. ಐದೂವರೆಗೆ ಹೇಗೆ ಬಂದ್ರಿ?"

"ಅಕ್ಕ ಫೋನ್ ಮಾಡಿ ಅತ್ತರು ಸಾರ್."

ಉತ್ತರಗಳೆಲ್ಲ ನೆಟ್ಟಗೇ ಇದ್ದವು. ಆದರೂ ಅವನು ಮಾತಾಡುವಾಗಲೆಲ್ಲ ಬೆರಳಿಗೆ ಅಂಟಿದ ಟೇಪಿನ ಚೂರನ್ನು ಉಜ್ಜುತ್ತಿದ್ದ. ಮುಖ್ಯ ವೈದ್ಯರು ಎರಡು ಸಲ ಫೋನ್ ಮಾಡಿ, ಆ ಹೆಂಗಸನ್ನು ಇನ್ನೂ ಯಾಕೆ ಹಿಡಿದಿಲ್ಲ ಎಂದು ಕೇಳಿದರು. "ಬುಧವಾರದವರೆಗೆ ಬಿಡಿ," ಎಂದರು ಇನ್ಸ್‌ಪೆಕ್ಟರ್.

ಮಂಗಳವಾರ ಮಧ್ಯಾಹ್ನ ದಫೇದಾರರು ಆಸ್ಪತ್ರೆಯ ಲಾಂಡ್ರಿಗೆ ಹೋದರು. ರಕ್ತನಿಧಿಯ ಹಿಂದೆ ಒಂದು ಹಳೆಯ ಬಾಯ್ಲರ್ ಕೋಣೆ, ಅದರಾಚೆ ಲಾಂಡ್ರಿ. ಭಾನುವಾರ ಅತ್ತ ಯಾರಾದರೂ ಓಡಾಡಿದರೇ ಎಂದು ಕೇಳುವುದಿತ್ತು. ಲಾಂಡ್ರಿಯ ದೊಡ್ಡಮ್ಮ ಒದ್ದೆ ಬೆಡ್‌ಶೀಟುಗಳ ರಾಶಿಯ ನಡುವೆ ನಿಂತು ಯಾರಿಗೋ ಬೈಯುತ್ತಿದ್ದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾರಿಗೆ ದೊಡ್ಡಮ್ಮ, ಈ ಪೂಜೆ?"

"ಈ ಗೋಡೆಗೆ!"

"ಗೋಡೆ ಏನು ಮಾಡ್ತು ಪಾಪ?"

"ನಗಬೇಡಪ್ಪ. ವಾರದಿಂದ ಬಿಸಿಲು ಕಂಡಿಲ್ಲ. ಈ ಗೋಡೆ ಇತ್ತು ಅಂತ ನನ್ನ ಮಾನ ಉಳಿದಿತ್ತು. ಹಗ್ಗ ಕಟ್ಟಿ ಶೀಟು ಹರವಿದ್ರೆ ಎರಡು ಗಂಟೇಲಿ ಹಪ್ಪಳ. ಈಗ ಮುಟ್ಟಿ ನೋಡು, ಹೆಣದ ಥರ ತಣ್ಣಗಿದೆ."

ದಫೇದಾರರು ನಗುವುದನ್ನು ನಿಲ್ಲಿಸಿದರು. "ಎಷ್ಟು ದಿನದಿಂದ ಬಿಸಿ ಇತ್ತು?"

"ನಾಲ್ಕು ತಿಂಗಳು."

"ಯಾವತ್ತು ತಣ್ಣಗಾಯ್ತು?"

"ಭಾನುವಾರ. ಮಧ್ಯಾಹ್ನ ಹರವಿದ್ದು ಸಂಜೆಗೂ ತೊಟ್ಟಿಕ್ತಿತ್ತು."

"ಆಚೆ ಕಡೆ ಏನೂ ಸದ್ದು ಕೇಳ್ತಿರಲಿಲ್ವಾ?"

"ನನ್ನ ಮೆಷಿನ್ನು ಬಡ್ಕೊಳ್ಳೋದ್ರಲ್ಲಿ ನನ್ನ ಮಾತೇ ನಂಗೆ ಕೇಳಲ್ಲ."

ಬಾಯ್ಲರನ್ನು ಬಿಚ್ಚಿ ಗುಜರಿಗೆ ಹಾಕಿ ಎಂಟು ವರ್ಷ ಆಗಿತ್ತು. ಬಾಯ್ಲರಿಲ್ಲದ ಕೋಣೆಯ ಗೋಡೆ ಬಿಸಿಯಾಗುವುದು ಹೇಗೆ? ಇನ್ಸ್‌ಪೆಕ್ಟರ್ ಬಂದು ಕೀಲಿ ಕೇಳಿದರು. ಅದು ಎಂದೋ ಕಳೆದುಹೋಗಿದೆ ಎಂದ ಫ್ಯೂಸಣ್ಣ. ಬೀಗ ತುಕ್ಕು ಹಿಡಿದಿತ್ತು, ಕೀಲಿ ಹಾಕುವ ಕಂಡಿಯಲ್ಲಿ ಮಾತ್ರ ಹೊಸ ಎಣ್ಣೆ.

3 ಗಂಟೆ 15 ನಿಮಿಷಕ್ಕೆ ಔಷಧಿ ಅಂಗಡಿಯ ಗುಮಾಸ್ತ ಮತ್ತು ಕ್ಯಾಂಟೀನಿನ ಯಜಮಾನರನ್ನು ಪಂಚ ಸಾಕ್ಷಿಗಳಾಗಿ ಕರೆದು ಬೀಗ ಒಡೆದರು. ಪಂಚನಾಮೆಯಲ್ಲಿ ಹೀಗಿದೆ: ಕಬ್ಬಿಣದ ರ‍್ಯಾಕ್ ಎರಡು. ಅದರ ಮೇಲೆ ಫ್ಯಾನ್ ಜೋಡಿಸಿದ ಲೋಹದ ಯಂತ್ರ ಒಂಬತ್ತು, ರಟ್ಟಿನ ಪೆಟ್ಟಿಗೆಗಳಲ್ಲಿ ಕಟ್ಟಿಟ್ಟದ್ದು ಐದು. ಬಿಸಿಗಾಳಿ ಹೋಗಲು ಹಳೆಯ ಚಿಮಣಿಗೆ ಸೇರಿಸಿದ ತಗಡಿನ ಕೊಳವೆ ಒಂದು. ರಕ್ತನಿಧಿಯ ಲೈನಿನಿಂದ ಗೋಡೆ ಕೊರೆದು ಎಳೆದ ದಪ್ಪ ಕೇಬಲ್, ಜೋಡಣೆಗೆ ಮೂರು ಸುತ್ತು ಟೇಪು.

ಕ್ಯಾಂಟೀನ್ ಯಜಮಾನರು ಸಹಿ ಹಾಕುತ್ತ ಕೇಳಿದರು, "ಇವು ಏನು ಮಾಡ್ತವೆ?"

ಉತ್ತರ ಬಾಗಿಲಲ್ಲಿ ನಿಂತಿದ್ದ ಫ್ಯೂಸಣ್ಣನಿಂದ ಬಂತು. "ನಾಣ್ಯ ಮಾಡ್ತವೆ."

ದಫೇದಾರರು ಯಂತ್ರದ ಕೆಳಗೆ ಬಗ್ಗಿ ನೋಡಿದರು. "ಎಲ್ಲಿ ಬೀಳತ್ತೆ?"

"ಕಣ್ಣಿಗೆ ಕಾಣಲ್ಲ ಸಾರ್. ಕಂಪ್ಯೂಟರ್ ಲೆಕ್ಕದಲ್ಲಷ್ಟೇ ಇರೋದು, ಕ್ರಿಪ್ಟೋ ಅಂತಾರೆ. ಹಗಲೂ ರಾತ್ರಿ ಇವು ಲೆಕ್ಕ ಮಾಡ್ತಾನೇ ಇರ್ಬೇಕು. ಮಾಡಿದ್ದಕ್ಕೆ ಕೂಲಿ ಥರ ಚೂರುಪಾರು ನಾಣ್ಯ ಬರತ್ತೆ. ಕರೆಂಟು ಮಾತ್ರ ಕುಡೀತಾನೇ ಇರ್ತವೆ."

4 ಗಂಟೆ 50 ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಅವನು ಏನನ್ನೂ ಬಚ್ಚಿಡಲಿಲ್ಲ. ಹೇಳಿ ಮುಗಿಸಿದರೆ ಸಾಕು ಎಂಬಂತೆ ಹೇಳಿದ.

ಎರಡು ವರ್ಷದ ಹಿಂದೆ ಅವನು ಅಂಥದೊಂದು ಹೊಸ ನಾಣ್ಯಕ್ಕೆ ಸ್ವಲ್ಪ ದುಡ್ಡು ಹಾಕಿದ್ದ. ಏಳು ತಿಂಗಳಲ್ಲಿ ಅದು ಮೂರರಷ್ಟಾಯಿತು. ಊಟದ ಹೊತ್ತಿನಲ್ಲಿ ಫೋನು ತೋರಿಸಿದ. ನಂದೂ ಹಾಕೋ ತಮ್ಮ ಎಂದಳು ಬ್ಲಡ್ಡಕ್ಕ. ಎರಡು ಸಲ ಬೇಡವೆಂದ, ಮೂರನೆಯ ಸಲ ಒಪ್ಪಿದ. ಗಂಡ ಬಿಟ್ಟುಹೋದ ಸೈಟನ್ನು ಮಾರಿದ ದುಡ್ಡು ಅದು, ಪೂರ್ತಿ. ಬೆಳೆದ ಮೇಲೆ ಮನೆ ಎಂದು ಆಕೆಯ ಎಣಿಕೆ. ಅದು ಏರಿತು, ಇಳಿಯಿತು, ಮತ್ತೆ ಏರಿತು. ಒಂದು ದಿನ ಆ ನಾಣ್ಯ ನಡೆಸುತ್ತಿದ್ದವರು ಎಲ್ಲರ ದುಡ್ಡು ಎತ್ತಿಕೊಂಡು ಕಾಣೆಯಾದರು. ಅವನ ಫೋನಿನಲ್ಲಿ ಆ ಪುಟವೇ ತೆರೆಯಲಿಲ್ಲ. ಬೈಕು ಮಾರಿ, ಹೆಂಡತಿಯ ಒಡವೆ ಅಡವಿಟ್ಟು ಯಾರೋ ಬಳಸಿ ಬಿಟ್ಟ ಯಂತ್ರಗಳನ್ನು ಕೊಂಡ. ಬೇರೆ ನಾಣ್ಯ ದುಡಿಸಿ ಅಕ್ಕನ ದುಡ್ಡು ತುಂಬಿಸಬೇಕು, ಆಮೇಲೆ ಹೇಳಬೇಕು ಎಂದುಕೊಂಡ. ಯಂತ್ರ ಹಾಕಿದ ಮೊದಲ ವಾರವೇ ಕರೆಂಟು ಕಡಿಮೆಯಾಗಿ ಅಲಾರಂ ಮೂರು ಸಲ ಕೂಗಿತು.

"ಭಾನುವಾರ ಏನಾಯ್ತು?"

"ಶನಿವಾರ ಸಂಜೆ ಇನ್ನೂ ಎರಡು ಮೆಷಿನ್ ಸೇರಿಸಿದ್ದೆ. ಭಾನುವಾರ 12:40ಕ್ಕೆ ಎಲ್ಲಾ ನಿಂತ್ವು. ಮನೇಲಿ ಫೋನಲ್ಲಿ ಕಾಣ್ತು."

"ಕಂಡೂ ಯಾಕೆ ಬರಲಿಲ್ಲ?"

"ನೆಟ್ ಹೋಗಿರ್ಬೇಕು ಅಂದ್ಕೊಂಡೆ ಸಾರ್. ಫ್ರಿಜ್ಜಿನ ಯೋಚನೆಯೇ ಬರಲಿಲ್ಲ. ಬರೀ ಮೆಷಿನ್ ಯೋಚನೆ. ಸಂಜೆ ಬಂದಾಗ್ಲೂ ಮೊದ್ಲು ಮೆಷಿನ್ ಲೈನ್ ತೆಗೆದು, ಆಮೇಲೆ ಸ್ವಿಚ್ ಎತ್ತಿದೆ."

"ನಿಮ್ಮಕ್ಕನ ಮೇಲೆ ಕೇಸ್ ಆಯ್ತು. ಆಗಾದ್ರೂ ಬಾಯಿ ಬಿಡಬಾರದಿತ್ತಾ?"

"ಅಕ್ಕನಿಗೆ ಜಾಮೀನು ಸಿಗತ್ತೆ ಅಂದ್ಕೊಂಡೆ. ಮೆಷಿನ್ ಬೇರೆ ಕಡೆ ಸಾಗಿಸಿ ಇನ್ನೆಂಟು ತಿಂಗಳು ಓಡಿಸಿದ್ರೆ ದುಡ್ಡು ಪೂರ್ತಿ ಬರ್ತಿತ್ತು. ಕೈಗೆ ಕೊಟ್ಟೇ ಹೇಳೋಣ ಅಂತ."

ದಫೇದಾರರು ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿ, ಮತ್ತೆ ಬರೆದರು.

ಬುಧವಾರ ಬೆಳಿಗ್ಗೆ 11 ಗಂಟೆಗೆ ಬ್ಲಡ್ಡಕ್ಕ ಠಾಣೆಗೆ ಬಂದಳು. ಅವನನ್ನು ಕೋರ್ಟಿಗೆ ಒಯ್ಯುವುದು ಮಧ್ಯಾಹ್ನಕ್ಕಿತ್ತು. ಆಪಾದಿತರ ಪಟ್ಟಿಯಿಂದ ಆಕೆಯ ಹೆಸರು ತೆಗೆದು ಸಾಕ್ಷಿಯ ಹೇಳಿಕೆ ಪಡೆಯಬೇಕಿತ್ತು. ನೋಡದೆ ಬರೆದದ್ದಕ್ಕೆ ಇಲಾಖೆಯ ವಿಚಾರಣೆ ಇದ್ದೇ ಇರುತ್ತದೆ, ಬಡ್ತಿ ಇಲ್ಲ, ಕೆಲಸವೂ ಕ್ವಾರ್ಟರ್ಸೂ ನಿವೃತ್ತಿಯವರೆಗೆ ಉಳಿಯುತ್ತವೆ ಎಂದರು ಇನ್ಸ್‌ಪೆಕ್ಟರ್. ಆಕೆ ಕೈ ಮುಗಿದಳು. ಏಳಲಿಲ್ಲ.

"ಒಂದು ಮಾತು ಸಾರ್. ನನ್ನ ದುಡ್ಡು ಅವನ ಫೋನಲ್ಲಿದೆ. ಈಗ ಎಷ್ಟಾಗಿದೆ ನೋಡಿ ಹೇಳ್ತೀರಾ? ತಿಂಗಳು ತಿಂಗಳೂ ಅವನೇ ಹೇಳ್ತಿದ್ದ, ಏರ್ತಾ ಇದೆ ಅಕ್ಕ ಅಂತ."

ದಫೇದಾರರು ಎದ್ದು ಹೊರಗೆ ಹೋದರು. ಇನ್ಸ್‌ಪೆಕ್ಟರ್ ಅದನ್ನು ಮೂರು ವಾಕ್ಯದಲ್ಲಿ ಹೇಳಿದರು. ಅದಕ್ಕಿಂತ ಕಡಿಮೆಯಲ್ಲಿ ಹೇಳಲು ಬರುತ್ತಿರಲಿಲ್ಲ.

"ನಾಲ್ಕು ತಿಂಗಳಿಂದಾನೇ ಇಲ್ವಾ?"

"ಇಲ್ಲಮ್ಮ."

"ಮತ್ತೆ ದಿನಾ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ನಲ್ಲ."

"ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲವಂತೆ."

ಆಕೆ ಸೆರಗಿನ ತುದಿಯನ್ನು ಮಡಿಲಲ್ಲಿ ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

"ಹೇಳಿದ್ದಿದ್ರೆ ಏನಾಗ್ತಿತ್ತು ಸಾರ್? ನಾಲ್ಕು ದಿನ ಬೈತಿದ್ದೆ. ಒಂದು ತಿಂಗಳು ಮಾತು ಬಿಡ್ತಿದ್ದೆ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಏನಾಗ್ತಿತ್ತು?"

"ಒಳಗಿದ್ದಾನೆ. ಮಾತಾಡಿಸ್ತೀರಾ?"

ಆಕೆ ಲಾಕಪ್ಪಿನ ಕಡೆಯ ಬಾಗಿಲನ್ನು ಒಮ್ಮೆ ನೋಡಿ, ಕುರ್ಚಿ ಹಿಡಿದು ಎದ್ದಳು.

"ಬೇಡ. ಈಗ ನೋಡಿದ್ರೆ ಬೈಯೋಕೂ ಆಗಲ್ಲ."