ಎಡಗಡೆಯ ಬಾಗಿಲು

"ಇಳೀಬೇಡಿ ಟೀಚರ್... ಇರಿ, ನಾನೇ ಬಂದೆ."

ಅವಳಿಗೆ ಮೊದಲು ಪರಿಚಯವಾದದ್ದು ಆ ದನಿ. ಮುಖ ಕಾಣುತ್ತಿರಲಿಲ್ಲ. ಶಿಶುವಿಹಾರದ ಮಕ್ಕಳಿಗೆ ಕೆರೆ ತೋರಿಸಲು ಬಂದಿದ್ದವಳು ಅವಳು. ಪುಟಾಣಿಯೊಬ್ಬಳ ಚೆಂಡು ಬಡಿದು ಕನ್ನಡಕ ಎರಡು ಹೋಳಾಗಿತ್ತು. ಪುಣ್ಯಕ್ಕೆ, ದಡದಲ್ಲಿ ಕಾರು ನಿಲ್ಲಿಸಿಕೊಂಡಿದ್ದವನು ಕನ್ನಡಕದ ಅಂಗಡಿಯವನೇ! ಮಕ್ಕಳು ಉಳಿದ ಟೀಚರ್‌ಗಳ ಜೊತೆ ಬಸ್ಸು ಹತ್ತಿದ ಮೇಲೆ ಅವಳನ್ನು ಅಂಗಡಿಗೆ ಕರೆತಂದ.

ಅಲ್ಲಿ ಇಳಿದು, ಸುತ್ತಿ ಬಂದು, ಎಡಗಡೆಯ ಬಾಗಿಲು ತೆರೆದು ಕೈಚಾಚಿದ. ಎಲ್ಲವೂ ಮಂಜು ಮಂಜಾಗಿದ್ದಾಗ ಅವಳಿಗೆ ಸ್ಪಷ್ಟವಾಗಿ ಕಂಡದ್ದು ಆ ಕೈಯೊಂದೇ.

ಆಮೇಲೆ ಪ್ರತಿ ಭಾನುವಾರ ಅದೇ ಹಳೇ ಕಾರು. ತಂದೆ ಕೊನೆಗಾಲದಲ್ಲಿ ಮಗನ ಕೈಗೆ ಕೀಲಿ ಇಟ್ಟು ಹೋದ ಕಾರು. ಕೆರೆ, ಬೆಟ್ಟದ ತಪ್ಪಲು, ಮರದಡಿ ಬುತ್ತಿ... ಅವನೋ, ಬಾಯಿಬಿಟ್ಟರೆ ಮುತ್ತು ಉದುರೀತು ಅನ್ನುವ ಆಸಾಮಿ. 'ಪ್ರೀತಿಸ್ತೀನಿ' ಎಂದು ಒಮ್ಮೆಯೂ ಹೇಳಿದವನಲ್ಲ. ಆದರೆ ಪ್ರತಿ ಸಲ ಇಳಿದು ಬಂದು ಬಾಗಿಲು ತೆರೆಯುತ್ತಿದ್ದ. ಅವಳು ಮಹಾರಾಣಿಯ ಹಾಗೆ ಕೈಕಟ್ಟಿ ಕಾಯುತ್ತಿದ್ದಳು.

'ಇದಕ್ಕಿಂತ ಹೆಚ್ಚು ಏನು ಹೇಳಬೇಕು?'

ಒಂದು ದಿನ ಅವನ ಅಕ್ಕನೆದುರು ಇದನ್ನೇ ಹೇಳಿಕೊಂಡು ನಾಚಿದಳು. ಅಕ್ಕ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಪೆದ್ದಿ, ಆ ಬಾಗಿಲು ಒಳಗಿಂದ ತೆಗೆಯೋಕೇ ಬರಲ್ಲ ಕಣೆ. ಅಪ್ಪನೂ ಅಮ್ಮನ್ನ ಇಳಿಸೋಕೆ ಹೀಗೇ ಸುತ್ತಿ ಬರ್ತಿದ್ರು. ಇವನು ಇಳಿದು ಬರದೆ ಇನ್ನೇನು ಮಾಡ್ತಾನೆ?"

ಅವಳೂ ನಕ್ಕಳು. ಮನೆಗೆ ಬಂದು, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಯಾರಿಗೂ ಕೇಳದಂತೆ ಅತ್ತಳು. ಕೆಟ್ಟುಹೋದ ಚಿಲಕವನ್ನು ಪ್ರೀತಿ ಅಂದುಕೊಂಡೆನಲ್ಲ... ಇದ್ದದ್ದು ಅದೊಂದೇ ಗುರುತು, ಅದೂ ಸುಳ್ಳಾಯಿತು.

ಭಾನುವಾರಗಳಿಗೆ ನೆಪ ಹೇಳತೊಡಗಿದಳು. ಕೊನೆಗೆ ದೂರದ ಊರಿನಲ್ಲಿ ಕೆಲಸ ಒಪ್ಪಿಕೊಂಡು ಅವನಿಗೆ ತಿಳಿಸಿದಳು. ಒಮ್ಮೆ ಬೇಡ ಅನ್ನಲಿ ಎಂದು ಜೀವ ಹಾತೊರೆಯುತ್ತಿತ್ತು.

"ಸರಿ," ಎಂದ. "ಸ್ಟೇಷನ್‌ಗೆ ನಾನೇ ಬಿಡ್ತೀನಿ."

ಆ 'ಸರಿ' ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಹೊರಟ ದಿನ ದಾರಿಯಲ್ಲಿ ಕೆರೆ ಬಂತು, ಹಿಂದೆ ಹೋಯಿತು. ಸ್ಟೇಷನ್ ಮುಂದೆ ಎಂದಿನಂತೆ ಅವನು ಇಳಿದು ಸುತ್ತಿ ಬರತೊಡಗಿದ.

'ಬೇಡ, ಇಷ್ಟರ ಋಣವೂ ಬೇಡ...'

ತೆರೆಯದೆಂದು ಗೊತ್ತಿದ್ದೂ, ಅಳುವ ಸಿಟ್ಟಿನಲ್ಲಿ ಬಾಗಿಲಿನ ಹಿಡಿ ಜಗ್ಗಿದಳು.

ಬಾಗಿಲು ತೆರೆದುಕೊಂಡಿತು.

ಅವನು ಚಾಚಿದ ಕೈ ಹಾಗೇ ನಿಂತಿತು.

"ಇದು... ಒಳಗಿಂದ ಬರಲ್ಲ ಅಂದಿದ್ರಲ್ಲ ನಿಮ್ಮಕ್ಕ?"

"ಬರ್ತಿರಲಿಲ್ಲ. ನೀವು ಮೊದಲ ಸಲ ಕೂತ ಮಾರನೇ ದಿನವೇ ಸರಿ ಮಾಡಿಸಿದೆ. ನಿಮಗೆ ತೊಂದರೆ ಆಗಬಾರದು ಅಂತ."

"ಮತ್ತೆ ಇಷ್ಟು ದಿನ ಯಾಕೆ ಇಳಿದು ಬರ್ತಿದ್ರಿ?"

ಅವನು ತಲೆ ತಗ್ಗಿಸಿದ. "ಮುಂದಿನ ಭಾನುವಾರ ನೀವು ಕೈಕಟ್ಟಿ ಕಾಯ್ತಾ ಕೂತಿದ್ರಿ. ಹೇಳೋಕೆ ಮನಸ್ಸಾಗಲಿಲ್ಲ. ಅಪ್ಪ ಅಮ್ಮನಿಗೆ ಬಾಗಿಲು ತೆಗೆಯೋದು ನೋಡ್ಕೊಂಡೇ ಬೆಳೆದೋನು ನಾನು. ಬಾಯಲ್ಲಿ ಹೇಳೋಕೆ ಬರಲ್ಲ ಟೀಚರ್... ನಂಗೆ ಬರೋದು ಇಷ್ಟೇ." ಕಣ್ಣು ತುಂಬಿತ್ತು. "ಹೋಗಬೇಡಿ."

ಸ್ಟೇಷನ್ ಒಳಗೆ ರೈಲು ಕೂಗಿತು. ಅವಳು ಕೆಳಗಿಟ್ಟಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡು ಬಾಗಿಲು ಹಾಕಿಕೊಂಡಳು.

"ಟೀಚರ್?"

ಅವಳು ಕೈಕಟ್ಟಿ ಕೂತು, ಅಳುತ್ತಲೇ ಕಿಟಕಿಯಿಂದ ಅಂದಳು.

"ಮನೆಗೆ ನಡಿ. ಅಲ್ಲೂ ಈ ಬಾಗಿಲು ನೀನೇ ತೆಗೀಬೇಕು."