ಸೆತ್ಸುಕೊ ಹಾಡಿದ ರೆಕಾರ್ಡು

"ನೀನು ಕದ್ದಿಲ್ಲ ಅಂದ್ರೆ ಅದಕ್ಕೇನು ಕಾಲು ಬಂತಾ?"

ಟೋಕಿಯೋದ ಕೊಯೆಂಜಿಯ ಆ ಕಾಫಿ ಅಂಗಡಿಯಲ್ಲಿ ಜನ ರೆಕಾರ್ಡು ಕೇಳಲು ಬಂದು ಬಾಯಿ ಮುಚ್ಚಿ ಕೂರುವುದು ವಾಡಿಕೆ. ಅಂಥಲ್ಲಿ ಯಜಮಾನ ಕುರಾಮೊಚಿಯವರೇ ಕಿರುಚಿದಾಗ ಮಹಡಿಯ ಮೇಲಿದ್ದ ಪತ್ತೇದಾರಿಣಿ ಉಕಾಯ್ ಫುಮಿಯೆ ಇಳಿದು ಬಂದರು. ಹಿಂದೆಯೇ ಅವರ ಹಳೆಯ ಜೊತೆಗಾರ ನಿಶಿವಾಕಿಯೂ ಓಡಿ ಬಂದ.

ಕೆಲಸದ ಹುಡುಗಿ ಚಿನಾತ್ಸು ಬಿಳಿಚಿಕೊಂಡು ನಿಂತಿದ್ದಳು. ಅವಳ ಚೀಲದೊಳಗಿನದೆಲ್ಲ ಮೇಜಿನ ಮೇಲೆ ಚೆಲ್ಲಿತ್ತು: ಬಾಚಣಿಗೆ, ಫೋನು, ಅರ್ಧ ತಿಂದ ಅನ್ನದ ಉಂಡೆ. ನಿಶಿವಾಕಿಗೆ ಅಯ್ಯೋ ಅನ್ನಿಸಿತು.

"ನನ್ನ ಹೆಂಡ್ತಿ ಸೆತ್ಸುಕೊ ಹಾಡಿದ್ದು ಒಂದೇ ರೆಕಾರ್ಡು, ಉಳಿದಿದ್ದೂ ಒಂದೇ ಪ್ರತಿ," ಎಂದರು ಕುರಾಮೊಚಿ. "ಫೋನ್ ತುಂಬಾ ಹಾಡಿರೋ ಹುಡುಗರೂ ಈಗ ರೆಕಾರ್ಡೇ ಬೇಕು ಅಂತಾರೆ. ಮತ್ತೆ ಅಚ್ಚು ಹಾಕಿಸೋಕೆ ನಾಳೆ ಕೊಡಬೇಕಿತ್ತು. ಇವತ್ತು ಕೇಳೋಣ ಅಂತ ರಟ್ಟಿನ ಹೊದಿಕೆ ಓರೆ ಮಾಡಿದೆ. ಯಾವಾಗಲೂ ಅಂಗೈಗೆ ಜಾರೋದು ಜಾರಲಿಲ್ಲ. ಒಳಗಿನ ಕಾಗದದ ಚೀಲಾನೇ ಎಳೆದು ತೆಗೆದ್ರೆ ಬೇರೆ ಯಾವ್ದೋ ರೆಕಾರ್ಡು! ಅದನ್ನಿಟ್ಟಿದ್ದ ಬೀರುವಿನ ಕೀಲಿ ಇವಳ ಹತ್ರಾನೇ ಇದ್ದಿದ್ದು. ಪೊಲೀಸರನ್ನ ಕರೀತೀನಿ."

"ಹಾಲು ತರೋಕೆ ಹೋದಾಗ ಕೀಲಿ ಮೇಜಿನ ಮೇಲೇ ಬಿಟ್ಟಿದ್ದೆ," ಚಿನಾತ್ಸು ಉಕಾಯ್ ಕಡೆ ತಿರುಗಿದಳು. "ಪೊಲೀಸ್ ಅಂದ್ರೆ ಇನ್ನೆಲ್ಲೂ ನನಗೆ ಕೆಲಸ ಸಿಗಲ್ಲಮ್ಮ."

ಅವಳು ಹಾಲಿಗೆ ಹೋದಾಗ ಯಜಮಾನರು ಒಳಕೋಣೆಯಲ್ಲಿದ್ದರು; ಅಂಗಡಿಯಲ್ಲಿದ್ದವರು ಇಬ್ಬರೇ. ಹಳೆ ರೆಕಾರ್ಡುಗಳ ವ್ಯಾಪಾರಿ ತೋದಾ. ವರ್ಷಗಳಿಂದ ಅದೇ ಮೂಲೆಯಲ್ಲಿ ಕೂತು ಕೇಳುವ ಕುಸುನೋಕಿ. ಇಬ್ಬರೂ ಇನ್ನೂ ಕದಲಿರಲಿಲ್ಲ. ನಿಶಿವಾಕಿಯ ಅನುಮಾನ ನೇರವಾಗಿ ತೋದಾನ ಮೇಲೆ ಹೋಯಿತು.

ಉಕಾಯ್ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಒಂದೊಂದು ರೆಕಾರ್ಡು, ಕಾಗದದ ಚೀಲ, ರಟ್ಟಿನ ಹೊದಿಕೆ ಕೊಟ್ಟರು. "ಇದನ್ನ ಹೊದಿಕೆಗೆ ಹಾಕಿ ಕೊಡಿ."

ಯಜಮಾನರು ಕಲಿಸಿದಂತೆ ಚಿನಾತ್ಸು ಕಾಗದದ ಚೀಲದ ಬಾಯಿಯನ್ನು ಹೊದಿಕೆಯ ಪಕ್ಕದಲ್ಲಿದ್ದ ಬಾಯಿಗೇ ಹೊಂದಿಸಿ ತುರುಕಿದಳು. ತೋದಾ ಮಾಡಿದ್ದೂ ಹಾಗೆಯೇ. ಕುಸುನೋಕಿ ಮಾತ್ರ ಚೀಲದ ಬಾಯಿಯನ್ನು ಮೇಲಕ್ಕೆ ತಿರುಗಿಸಿ ಒಳಗಿಟ್ಟರು.

"ಹಾಗ್ಯಾಕೆ?" ಉಕಾಯ್ ಕೇಳಿದರು.

"ಧೂಳು ಹೋಗಬಾರದಲ್ಲ," ಎಂದವರೇ ಕುಸುನೋಕಿ ತಡವರಿಸಿದರು.

"ಬಾಯಿ ಮೇಲಿದ್ರೆ ಓರೆ ಮಾಡಿದಾಗ ರೆಕಾರ್ಡು ಜಾರೋದಿಲ್ಲ," ಎಂದರು ಉಕಾಯ್. "ಯಜಮಾನ್ರಿಗೆ ಆಗಿದ್ದೂ ಅದೇ. ಹುಡುಗಿ ಹೊರಗೆ ಹೋದಾಗ ಕೀಲಿ ನಿಮ್ಮ ಕೈಗೆ ಸಿಕ್ತು. ಕದಿಯೋ ಆತುರದಲ್ಲೂ, ಬದಲಿಗೆ ಇಟ್ಟ ಕಸದಂಥ ರೆಕಾರ್ಡಿಗೂ ಧೂಳು ಕೂರಬಾರದು ಅಂತ ನಿಮ್ಮ ಕೈ ಕಾಗದದ ಚೀಲಾನ ತಿರುಗಿಸಿಬಿಡ್ತು."

ಕುಸುನೋಕಿ ಕಾಲ ಬಳಿಯಿದ್ದ ತಮ್ಮ ಹೆಗಲಚೀಲದಿಂದ ಸೆತ್ಸುಕೊಳ ರೆಕಾರ್ಡನ್ನು ಮೆಲ್ಲನೆ ತೆಗೆದಿಟ್ಟರು. "ಅಚ್ಚು ಹಾಕಿಸಿದ್ರೆ ಸಾವಿರ ಜನ ಕೊಂಡು ಗೋಡೆಗೆ ನೇತುಹಾಕಿ ಫೋಟೋ ತೆಗೀತಾರೆ. ಕೇಳೋರು ಯಾರಯ್ಯಾ?"

"ಅವಳು ಹಾಡಿದ್ದು ನಿನ್ನೊಬ್ಬನಿಗಾ?" ಕುರಾಮೊಚಿ ರೆಕಾರ್ಡನ್ನು ಎತ್ತಿಕೊಂಡರು. ಆಮೇಲೆ ಚಿನಾತ್ಸುವಿನ ಎದುರು ಸೊಂಟ ಬಾಗಿಸಿದರು. "ತಪ್ಪಾಯ್ತಮ್ಮ. ನಾಳೆ ಎಂದಿನ ಹಾಗೆ ಬಾ."

ಅವಳು ಬಾಚಣಿಗೆಯನ್ನೂ ಫೋನನ್ನೂ ತುಂಬಿಕೊಳ್ಳುತ್ತಿದ್ದಳು.

"ಕುಸುನೋಕಿಯವರ ಚೀಲ ಇಷ್ಟು ಹೊತ್ತೂ ನಿಮ್ಮ ಕಣ್ಣೆದುರಿಗೇ ಇತ್ತು, ಯಜಮಾನ್ರೇ. ನೀವು ತಡಕಿದ್ದು ನನ್ನದನ್ನ ಮಾತ್ರ."

ಆ ಚೀಲ ತನ್ನ ಕಣ್ಣಿಗೂ ಬಿದ್ದಿರಲಿಲ್ಲವೆಂದು ನಿಶಿವಾಕಿ ನಾಚಿ ತಲೆ ತಗ್ಗಿಸಿದ. ಚಿನಾತ್ಸು ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು. ಕುರಾಮೊಚಿ ಬಾಗಿಸಿದ ತಲೆಯನ್ನು ಎತ್ತುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.