ಐದು ಫೈಲುಗಳಲ್ಲಿ ಅವನ ಸಹಿ

"ಈ ಫೈಲ್ ತಗೊಳ್ಳಲ್ಲ," ಎಂದು ಅವಳು ರೆಕಾರ್ಡ್ ರೂಮಿನ ಕಿಟಕಿಯೊಳಗಿನಿಂದಲೇ ಅದನ್ನು ಹಿಂದಕ್ಕೆ ತಳ್ಳಿದಳು. "ರೋಗಿಯನ್ನ ನಾಲ್ಕನೇ ಬೆಡ್‌ನಿಂದ ಒಂಬತ್ತಕ್ಕೆ ಬದಲಾಯಿಸಿದ್ದೀರಿ. ಯಾವತ್ತು ಅಂತ ಬರೆದಿಲ್ಲ."

"ಅವರು ವಾಸಿಯಾಗಿ ಮನೆಗೂ ಹೋದ್ರು, ಫೈಲಮ್ಮ. ಇನ್ನು ಯಾವತ್ತಾದ್ರೆ ಏನು?"

"ನನಗೆ ಬೇಕು."

"ನಾನು ಇನ್ನೊಂದು ಸಲ ಇಲ್ಲಿಗೆ ಬರ್ಲಿ ಅಂತ ತಾನೆ?"

ಅವಳು ತಲೆ ತಗ್ಗಿಸಿಕೊಂಡೇ ಕಡೆಗಣ್ಣಲ್ಲಿ ನೋಡಿದಳು. ಮಾಸ್ಕಿನ ಮೇಲೆ ಅವನ ಕಣ್ಣುಗಳು ನಗುತ್ತಿದ್ದವು. ಅವಳ ಕಿವಿ ಬಿಸಿಯಾಯಿತು.

ಅವನು ಸರ್ಜರಿ ವಾರ್ಡಿನ ನರ್ಸ್. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು 'ಬ್ರದರ್' ಎಂದು ಕರೆಯುತ್ತಿದ್ದರು. ರೆಕಾರ್ಡ್ ರೂಮಿನ ಇವಳಿಗೆ ಮಾತ್ರ ಆರು ತಿಂಗಳಿಂದ ಆ ಪದ ಬಾಯಿಗೇ ಬರುತ್ತಿರಲಿಲ್ಲ. ಒಮ್ಮೆ 'ರೀ' ಎನ್ನಲು ಹೋಗಿ, ಅದು ಗಂಡನನ್ನು ಕರೆದಂತೆ ಕೇಳಿಸಿ, ನಾಲಿಗೆ ಕಚ್ಚಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಸೋಂಕು ನಿಯಂತ್ರಣದ ಡಾಕ್ಟರಮ್ಮ ಬಂದು ಐದು ಹೆಸರುಗಳ ಚೀಟಿ ಕೊಟ್ಟರು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

"ಐದೂ ಜನ ಸರ್ಜರಿ ವಾರ್ಡಿನವರು. ಎಲ್ಲರಿಗೂ ಚಳಿಜ್ವರ, ಎಲ್ಲರ ರಕ್ತದಲ್ಲೂ ಒಂದೇ ರೋಗಾಣು. ಅವರಲ್ಲಿ ಒಬ್ಬರು, ಹೊಲಿಗೆ ಟೀಚರ್, ಐಸಿಯುನಲ್ಲಿದ್ದಾರೆ. ಇದು ಎಲ್ಲಿಂದ ಬರ್ತಿದೆ ಅಂತ ನಿಮ್ಮ ಫೈಲ್‌ಗಳೇ ಹೇಳ್ಬೇಕು."

ಅವಳು ದೊಡ್ಡ ಹಾಳೆಯ ಮೇಲೆ ಗೆರೆ ಎಳೆದಳು. ಬೆಡ್ ಯಾವುದು, ಆಪರೇಷನ್ ಮಾಡಿದವರು ಯಾರು, ಡ್ರಿಪ್ ಯಾವಾಗ ಹಾಕಿದರು, ಡ್ರೆಸ್ಸಿಂಗ್ ಯಾರು ಮಾಡಿದರು. ಬೆಡ್‌ಗಳು ಬೇರೆ ಬೇರೆ. ಡಾಕ್ಟರುಗಳೂ ಬೇರೆ. ಡ್ರೆಸ್ಸಿಂಗ್ ಕಾಲಮ್ಮಿನಲ್ಲಿ ಮಾತ್ರ ಐದು ಫೈಲುಗಳಲ್ಲೂ ಅದೇ ಓರೆ ಸಹಿ. ಅದು ಯಾರದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ.

ಅವನ ಕೈಯಿಂದಲೇ ಹರಡಿತೇ? ಆ ಒಂದು ಕಾಲಮ್ಮು ಬಿಟ್ಟು ಹಾಳೆ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಅವಳನ್ನು ಹೆದರಿಸಿತು. ಟೀಚರ್ ಅತ್ತ ಉಸಿರಿಗಾಗಿ ಒದ್ದಾಡುತ್ತಿದ್ದರು. ಅವಳು ಕಾಲಮ್ಮು ತುಂಬಿ, ಹಾಳೆಯನ್ನು ಡಾಕ್ಟರಮ್ಮನ ಕೈಗಿತ್ತಳು.

ಸಂಜೆಗೆ ಅವನು ಕಿಟಕಿಯ ಮುಂದೆ ನಿಂತಿದ್ದ. ಯೂನಿಫಾರ್ಮ್ ಇರಲಿಲ್ಲ.

"ಮೂಗಿಂದ, ಕೈಯಿಂದ ಸ್ಯಾಂಪಲ್ ತಗೊಂಡ್ರು. ರಿಪೋರ್ಟ್ ಬರೋವರೆಗೂ ವಾರ್ಡಿಗೆ ಬರ್ಬೇಡ ಅಂದ್ರು." ಅವನು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಮನೇಲಿ ಅಕ್ಕನ ಬಾಣಂತನ. ಮಗುಗೆ ಇಪ್ಪತ್ತು ದಿನ. ದಿನಾ ಎತ್ಕೋತಿದ್ದೆ. ಈಗ ಸ್ನೇಹಿತನ ರೂಮಲ್ಲಿ ಇರ್ತೀನಿ."

ಅವಳು ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟಳು.

"ನನಗೆ ಒಂದು ಮಾತು ಹೇಳ್ಬಹುದಿತ್ತು ನೀವು," ಎಂದು ಅವನು ಮೆಲ್ಲಗೆ ಹೇಳಿ ಹೊರಟುಹೋದ. ಕೋಪವಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ದನಿಯಲ್ಲಿ ಕೋಪವಿರಲಿಲ್ಲ.

ಎರಡು ದಿನ ಅವನು ಕಿಟಕಿಗೆ ಬರಲಿಲ್ಲ. ಮೂರನೆಯ ದಿನ ಲ್ಯಾಬಿನಿಂದ ಆರನೆಯ ಹೆಸರು ಬಂತು. ಮೆಡಿಸಿನ್ ವಾರ್ಡಿನಲ್ಲಿದ್ದ ಒಬ್ಬ ಅಡುಗೆಯವನು. ಬೇರೆ ಮಹಡಿ. ಆ ಓರೆ ಸಹಿಯವನು ಅಲ್ಲಿಗೆ ಕಾಲಿಟ್ಟವನೇ ಅಲ್ಲ!

ಅವಳು ಆರೂ ಫೈಲುಗಳನ್ನು ನೆಲದ ಮೇಲೆ ಹರಡಿಕೊಂಡು ಮೊದಲ ಪುಟದಿಂದ ಓದಿದಳು. ಅಡುಗೆಯವನಿಗೆ ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದಿದ್ದರು. ಟೀಚರಿಗೆ ಹಾಗೆಯೇ ಕೀವು ತೆಗೆದಿದ್ದರು. ಉಳಿದ ನಾಲ್ವರಿಗೂ ಸ್ಕ್ಯಾನ್, ಸೂಜಿ. ಅವಳ ಹಾಳೆಯಲ್ಲಿ ವಾರ್ಡಿನೊಳಗೆ ನಡೆದದ್ದಕ್ಕೆಲ್ಲ ಜಾಗವಿತ್ತು, ವಾರ್ಡಿನ ಹೊರಗೆ ನಡೆದದ್ದಕ್ಕೆ ಇರಲಿಲ್ಲ.

ಅವಳು ಡಾಕ್ಟರಮ್ಮನ ಕೋಣೆಗೆ ಓಡಿದಳು. ಇಬ್ಬರೂ ಸ್ಕ್ಯಾನ್ ರೂಮಿಗೆ ಹೋದರು. ಅಲ್ಲಿ ಚರ್ಮಕ್ಕೆ ಹಚ್ಚುವ ಜೆಲ್ಲನ್ನು ದೊಡ್ಡ ಕ್ಯಾನಿನಿಂದ ಅದೇ ಹಳೇ ಬಾಟಲಿಗೆ ತೊಳೆಯದೆ ಮತ್ತೆ ಮತ್ತೆ ತುಂಬುತ್ತಿದ್ದರು. ಸೂಜಿ ಚುಚ್ಚುತ್ತಿದ್ದುದು ಆ ಜೆಲ್ ಹಚ್ಚಿದ ಜಾಗದಲ್ಲೇ. ಡಾಕ್ಟರಮ್ಮ ಬಾಟಲಿಯನ್ನು ಲ್ಯಾಬಿಗೆ ಕಳಿಸಿ, ಕೋಣೆಗೆ ಬೀಗ ಹಾಕಿಸಿದರು.

ಮತ್ತೆ ಕಾಯುವುದು. ಕೊನೆಗೂ ಎರಡು ರಿಪೋರ್ಟುಗಳು ಒಟ್ಟಿಗೆ ಬಂದವು. ಜೆಲ್ಲಿನಲ್ಲಿ ಅದೇ ರೋಗಾಣು. ಅವನ ಕೈಯಲ್ಲಿ, ಮೂಗಿನಲ್ಲಿ ಏನೂ ಇಲ್ಲ. ಅಳು ಬಂತು. ಅಳಲು ಪುರುಸೊತ್ತಿರಲಿಲ್ಲ. ಸ್ಕ್ಯಾನ್ ರೂಮಿನ ರಿಜಿಸ್ಟರಿನಲ್ಲಿ ಸೂಜಿ ಹಾಕಿಸಿಕೊಂಡವರು ಆರಲ್ಲ, ಒಂಬತ್ತು ಜನ. ಮೂವರು ಮನೆಗೆ ಹೋಗಿಬಿಟ್ಟಿದ್ದರು.

ಮೊದಲ ಇಬ್ಬರು ಫೋನ್ ಎತ್ತಿದರು, ಆರಾಮಾಗಿದ್ದರು. ಮೂರನೆಯವರು, ಒಬ್ಬ ಹೆಂಗಸು, ಬೆಳಿಗ್ಗೆಯಿಂದ ಎತ್ತುತ್ತಲೇ ಇಲ್ಲ. ಇವಳು ಏಳನೆಯ ಸಲ ನಂಬರ್ ಒತ್ತುವಾಗ ಬಾಗಿಲಲ್ಲಿ ನೆರಳು ಕಂಡಿತು.

"ಡಾಕ್ಟರಮ್ಮ ಎಲ್ಲ ಹೇಳಿದ್ರು," ಎಂದ ಅವನು. ಒಳಗೆ ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತ. "ನಾನು ಬಾಡಿದ ಮುಖ ಮಾಡ್ಕೊಂಡು ಹೋದೆ. ನೀವು ಕೂತ್ಕೊಂಡು ಹುಡುಕಿದ್ರಿ."

"ನಿಮಗೆ ಮೊದಲೇ ಹೇಳಿದ್ರೆ..." ರಿಸೀವರಿನಲ್ಲಿ ರಿಂಗಾಗುತ್ತಿತ್ತು. "ನಿಮ್ಮ ಮುಖ ನೋಡಿದ್ರೆ ಆ ಹಾಳೆ ಹರಿದು ಹಾಕ್ಬಿಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಅವನು ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವಳನ್ನೇ ನೋಡಿದ. ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ.

"ನನ್ನನ್ನ ಮದ್ವೆ ಆಗ್ತೀರಾ?"

"ಹಲೋ..." ಫೋನಿನಲ್ಲಿ ಬತ್ತಿದ ದನಿ. "ಯಾರು? ನಿನ್ನೆಯಿಂದ ಚಳಿ... ಎದ್ದೇಳೋಕೇ ಆಗ್ತಿಲ್ಲ..."

ಅವನು ರಿಸೀವರ್ ತೆಗೆದುಕೊಂಡ. "ಅಮ್ಮ, ನಾನು ಆಸ್ಪತ್ರೆ ನರ್ಸ್. ಗಾಬರಿಯಾಗ್ಬೇಡಿ. ಬಾಗಿಲು ಚಿಲಕ ತೆಗೆದಿಡೋಕೆ ಆಗುತ್ತಾ? ಫೋನ್ ಇಡ್ಬೇಡಿ, ನಾವು ಬರ್ತಿದ್ದೀವಿ." ಅವಳು ಅಷ್ಟರಲ್ಲಿ ಫೈಲಿನಿಂದ ವಿಳಾಸ ಬರೆದು ಅವನ ಕೈಗೆ ತುರುಕಿದಳು, ತಾನು ರಿಸೀವರ್ ಹಿಡಿದಳು. ಅವನು ಆಂಬುಲೆನ್ಸಿನತ್ತ ಓಡಿದ.

ಒಂದೂವರೆ ಗಂಟೆಯ ಮೇಲೆ ತಿರುಗಿ ಬಂದಾಗ ಅವನ ಕೂದಲು ಹಣೆಗಂಟಿತ್ತು. "ಸರಿಯಾದ ಔಷಧಿ ಶುರುವಾಯ್ತು. ಇನ್ನರ್ಧ ದಿನ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟರಮ್ಮ. ಟೀಚರೂ ಕಣ್ಣು ಬಿಟ್ಟಿದ್ದಾರಂತೆ."

ಅವಳು ಕುರ್ಚಿಗೆ ಒರಗಿ ಉಸಿರುಬಿಟ್ಟಳು.

"ನೀವು ಉತ್ತರ ಕೊಡ್ಲೇ ಇಲ್ಲ," ಎಂದ.

"ಹೂಂ ಅಂದೆ."

"ಯಾವಾಗ? ನನಗೆ ಕೇಳಿಸ್ಲೇ ಇಲ್ವಲ್ಲ!"

"ಆ ಅಮ್ಮನಿಗೆ ಧೈರ್ಯ ಹೇಳ್ತಿದ್ರಲ್ಲ, ಆವಾಗ. ಮನಸ್ಸಲ್ಲೇ ಅಂದೆ."

"ಈಗ ಬಾಯಿಬಿಟ್ಟು ಹೇಳಿ."

"ಹೂಂ," ಎಂದಳು ಅವಳು. ತನಗೇ ಗೊತ್ತಿಲ್ಲದಷ್ಟು ಜೋರಾಗಿ. ಕಿಟಕಿಯಾಚೆ ಔಷಧಿ ಕೌಂಟರಿನ ಸಾಲಿನಲ್ಲಿದ್ದವರೆಲ್ಲ ಒಮ್ಮೆಗೇ ಇತ್ತ ತಿರುಗಿದರು.